ಅನ್ನವಿತ್ತ ಅರಸಿ ಶಾಂತಲದೇವಿ

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡು, ಬೇಲೂರುಗಳಿಗೆ ಹೋಗುವ ಯಾತ್ರಿಕರಲ್ಲಿ ಶಾಂತಲದೇವಿಯ ಹೆಸರನ್ನು ಕೇಳದವರು ವಿರಳ. ಆಕೆಯ ನೃತ್ಯಕೌಶಲವನ್ನು ಕೊಂಡಾಡುವವರು ಬಹುಮಂದಿ. ಆಕೆಯ ಅನ್ನದಾನವನ್ನು ಸ್ಮರಿಸುವವರು ಮಾತ್ರ ಕಡಮೆ.

ಪೆರ್ಗಡೆ ಮಾರಸಿಂಗಯ್ಯನು ಶಿವಭಕ್ತ. ಆತನ ಪತ್ನಿ ಮಾಚಿಕಬ್ಬೆ ಜಿನಭಕ್ತೆ. ಇವರ ಮಗಳು ಶಾಂತಲೆ ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿಯಾದಳು. 1117ರಲ್ಲಿ ಅರಸನು ಬೇಲೂರಿನಲ್ಲಿ ಕೇಶವನನ್ನು ಪ್ರತಿಷ್ಠಿಸಿದನಷ್ಟೆ. ಅದೇ ಪ್ರಾಕಾರದ ಚೆನ್ನಿಗರಾಯನ ಗುಡಿ ಈಕೆಯದು. ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಪಕ್ಕದ ಶಾಂತಲೇಶ್ವರನು ಈಕೆಯ ನಾಮವನ್ನೇ ಧರಿಸಿದ್ದಾನೆ. ತಾನು ಜೈನಮತಾವಲಂಬಿನಿಯಾಗಿದ್ದು 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ, ದೇವರ ಪೂಜೆಗೂ ಋಷಿಗಳ ಆಹಾರದಾನಕ್ಕೂ ಗ್ರಾಮವನ್ನೇ ಬಿಟ್ಟುಕೊಟ್ಟಳು. ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ನಾಲ್ಕು ದಾನಗಳಲ್ಲಿ ಆಕೆಗೆ ಆನಂದವೆಂದು ಶಾಸನವು ಹೊಗಳುತ್ತದೆ. 1131ರಲ್ಲಿ ಆಕೆ ಶಿವಗಂಗೆಯಲ್ಲಿ ದೇಹವನ್ನು ಬಿಟ್ಟಳು. ಪುತ್ರಿಯನ್ನಗಲಿದ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಬಂಧುಗಳನ್ನು ಬೀಳ್ಕೊಂಡು, ಒಂದು ತಿಂಗಳು ನಿರಾಹಾರ ವ್ರತದಲ್ಲಿದ್ದು ಪ್ರಾಣವನ್ನು ನೀಗಿದಳು.

ಮಗಳು ಅನ್ನವನ್ನಿತ್ತಳು, ತಾಯಿ ಅನ್ನವನ್ನು ತೊರೆದಳು. ಈ ಎರಡರ ಮಹತ್ತ್ವವನ್ನು ಅರಿಯಬೇಕಾದರೆ ಹಸಿವೆಂದರೇನೆಂಬುದನ್ನು ಅರಿಯಬೇಕು. ಹಸಿವಿನ ಪೀಠವು ಹೊಟ್ಟೆಯಲ್ಲಿಲ್ಲ, ಮಿದುಳಿನ ತಳದ ಹೈಪೋಥಲಾಮಸ್ಸಿನಲ್ಲಿದೆ. ಅದರ ಪಾರ್ಶ್ವಭಾಗವು ನಾಶವಾದರೆ ಇಲಿಯು ಮುಂದಿರುವ ಆಹಾರವನ್ನೂ ಮುಟ್ಟದೆಂದು ನಮ್ಮ ದೇಶದವರೇ ಆದ ಬಾಲಕೃಷ್ಣ ಆನಂದರು 1951ರಲ್ಲಿ ಅಮೆರಿಕೆಯ ಬ್ರೋಬೆಕ್ಕರೊಡಗೂಡಿ ಪ್ರಕಟಿಸಿದರು. ಅಲ್ಲಿನ ನರಕೋಶಗಳು ಪೆಪ್ಟೈಡುಗಳೆಂಬ ಸೂಕ್ಷ್ಮದ್ರವ್ಯಗಳಿಂದ ಪರಸ್ಪರ ಸಂದೇಶವನ್ನು ಕಳುಹುತ್ತವೆ. ಬೀಗಕ್ಕೆ ಕೀಲಿಕೈಯಂತೆ ಪ್ರತಿಯೊಂದೂ ತನ್ನ ತನ್ನ ಗ್ರಾಹಕದಲ್ಲಿ ಕೂಡಿಕೊಳ್ಳುತ್ತದೆ. ಮೆಲನೊಕಾರ್ಟಿನ್ ಗ್ರಾಹಕವು ಪ್ರಚೋದಿತವಾದರೆ ತೃಪ್ತಿ. ನ್ಯೂರೊಪೆಪ್ಟೈಡ್ ವೈ ತನ್ನ ಗ್ರಾಹಕವನ್ನು ಸೇರಿದರೆ ಹಸಿವು. ಉಪವಾಸದಲ್ಲಿ ಮೈಯ ಕೊಬ್ಬು ಕಳುಹುವ ಲೆಪ್ಟಿನ್ ಇಳಿಯುತ್ತದೆ, ಜಠರದ ಗ್ರೆಲಿನ್ ಏರುತ್ತದೆ. ತಿನ್ನೆಂಬ ಆಜ್ಞೆ ಬಲವಾಗುತ್ತದೆ. ಈ ಆಜ್ಞೆ ರಾಜಾಜ್ಞೆಗಿಂತ ಕಠೋರವಾದುದು. ಅರಮನೆಗೂ ಗುಡಿಸಲಿಗೂ ಒಂದೇ.

ಆದುದರಿಂದ ವ್ರತಸ್ಥರ ನಿಗ್ರಹವನ್ನು ಹೊಗಳಿ, ಅದನ್ನೇ ಬಡವನಿಗೆ ಉಪದೇಶಿಸುವುದು ಅನ್ಯಾಯ. ಮಾಚಿಕಬ್ಬೆ ತಾನಾಗಿ ಆರಿಸಿಕೊಂಡಳು. ಬಡವನಿಗೆ ಆರಿಸಿಕೊಳ್ಳಲು ಏನೂ ಇಲ್ಲ. ಸಹನೆಯಿಂದ ಅವನ ಮಿದುಳಿನ ಕೂಗು ಅಡಗದು, ಕೂಳಿನಿಂದಲೇ ಅಡಗಬೇಕು. ಅಧಿಕಾರದಲ್ಲಿರುವವರಿಗೆ ಈ ನಾಡಿನ ಅರಸಿ ತೋರಿದ ಮಾರ್ಗವು ಸ್ಪಷ್ಟವಾಗಿದೆ. ತಾಯಿಯ ತ್ಯಾಗಕ್ಕೆ ಕೈಮುಗಿಯೋಣ. ರಾಜ್ಯಭಾರಕ್ಕೆ ಮಗಳ ದಾನವನ್ನು ಮೇಲ್ಪಂಕ್ತಿಯಾಗಿಟ್ಟುಕೊಳ್ಳೋಣ.