ಹಲಸಿಯ ತಾಮ್ರಪಟ ಓದಿದ ಫ್ಲೀಟ್ ಸಾಹೇಬರು

ಹತ್ತನೇ ತರಗತಿಯಲ್ಲಿ ಹಲಗಲಿಯ ಬೇಡರ ಲಾವಣಿ ಓದದವರು ನಮ್ಮಲ್ಲಿ ಕಡಿಮೆ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್ ಎಂಬ ಒಂದು ಸಾಲನ್ನು ಅಂಕಕ್ಕಾಗಿ ಉರು ಹೊಡೆದು ಮುಂದೆ ಹೋಗುತ್ತೇವೆ. ಕೆಪಿಎಸ್‌ಸಿ ಪರೀಕ್ಷೆಗೆಂದು ಕದಂಬರ ಅಧ್ಯಾಯ ಓದುವಾಗ ಅದೇ ಹೆಸರು ನನಗೆ ಮತ್ತೆ ಸಿಕ್ಕಿತು. ಈ ಸಲ ನಮ್ಮದೇ ಖಾನಾಪುರ ತಾಲ್ಲೂಕಿನ ಹಲಸಿಯ ಜೊತೆಗೆ. ಬ್ರಿಟಿಷ್ ಅಧಿಕಾರಿಯೊಬ್ಬರು ನಮ್ಮ ಅರಸರ ವಂಶಾವಳಿ ಹುಡುಕುತ್ತ ಕುಳಿತದ್ದು ಹೇಗೆ ಎಂಬ ಕುತೂಹಲದಿಂದ ಅವರ ಬಗ್ಗೆ ಓದತೊಡಗಿದೆ.

ಜಾನ್ ಫೇಯ್ತ್‌ಫುಲ್ ಫ್ಲೀಟ್ ಹುಟ್ಟಿದ್ದು 1847ರಲ್ಲಿ. ಸಿವಿಲ್ ಸರ್ವಿಸ್‌ಗೆ ಆಯ್ಕೆಯಾದ ಮೇಲೆ ಲಂಡನ್ನಿನಲ್ಲೇ ಸಂಸ್ಕೃತ ಕಲಿತು, 1867ರಲ್ಲಿ ಮುಂಬೈ ಪ್ರಾಂತ್ಯದ ಸೇವೆಗೆ ಬಂದರು. ಬೆಳಗಾವಿ, ಧಾರವಾಡ ಆಗ ಆ ಪ್ರಾಂತ್ಯದಲ್ಲೇ ಇದ್ದವು. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್‌ಸ್ಪೆಕ್ಟರ್ ಆದರು, 1875ರಲ್ಲಿ ಕೊಲ್ಹಾಪುರದ ಕಡೆ ಸಹಾಯಕ ಪೊಲಿಟಿಕಲ್ ಏಜೆಂಟ್ ಆದರು. ಸಂಬಳ ಬರುತ್ತಿದ್ದುದು ಆಡಳಿತದ ಕೆಲಸಕ್ಕೆ. ಶಾಸನ ಓದುವುದು ಅದರ ನಡುವೆಯೇ ಬೆಳೆಸಿಕೊಂಡ ಅಭ್ಯಾಸ.

ಹಲಸಿ ಎಂದರೆ ಕದಂಬರ ಕಾಲದ ಪಲಾಶಿಕಾ. ಊರಾಚೆಯ ಚಕ್ರತೀರ್ಥ ಬಾವಿಯ ಬಳಿ ಸಿಕ್ಕಿದ್ದ ತಾಮ್ರಪಟಗಳನ್ನು ಫ್ಲೀಟ್ ಓದಿ, ಅನುವಾದಿಸಿ, 1877ರ ಸುಮಾರಿಗೆ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಹಳೆಯದು ಕಾಕುಸ್ಥವರ್ಮನದು. ತನ್ನನ್ನು ಕಾಪಾಡಿದ ಶ್ರುತಕೀರ್ತಿ ಎಂಬ ಸೇನಾಪತಿಗೆ ಅವನು ಖೇಟಗ್ರಾಮದಲ್ಲಿ ಹೊಲವೊಂದನ್ನು ಕೊಟ್ಟ ದಾಖಲೆ ಅದು. ಅದರಲ್ಲಿರುವುದು 80ನೇ ವರ್ಷ ಎಂಬ ಲೆಕ್ಕ. ಆದರೆ ಕಾಕುಸ್ಥ ಅಲ್ಲಿ ಇನ್ನೂ ಯುವರಾಜ. ಹಾಗಾದರೆ 80 ವರ್ಷ ಅವನ ಆಳ್ವಿಕೆಯದಲ್ಲ, ಮನೆತನದ ಆರಂಭದಿಂದ ಎಣಿಸಿದ್ದು ಎಂದು ಇತಿಹಾಸಕಾರರು ಹೇಳುತ್ತಾರೆ.

ವಂಶಾವಳಿ ಕಟ್ಟುವ ಕೆಲಸ ನಡೆಯುವುದೇ ಹೀಗೆ. ದಾನ ಕೊಟ್ಟವನ ಹೆಸರು, ಅವನ ತಂದೆಯ ಹೆಸರು, ತಾತನ ಹೆಸರು. ಇನ್ನೊಂದು ಪಟದಲ್ಲಿ ಮತ್ತೆ ಮೂರು ಹೆಸರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಕೊಂಡಿ ಕೂಡುತ್ತದೆ. ಕಾಕುಸ್ಥನ ಮಗ ಶಾಂತಿವರ್ಮ, ಅವನ ಮಗ ಮೃಗೇಶ, ಅವನ ಮಗ ರವಿವರ್ಮ, ಅವನ ಮಗ ಹರಿವರ್ಮ ಎಂಬ ಸಾಲು ಹಲಸಿಯ ಪಟಗಳಿಂದಲೇ ಸಿಕ್ಕಿತು. ಕಾಕುಸ್ಥನಿಂದ ಹಿಂದಕ್ಕೆ ರಘು, ಭಗೀರಥ, ಕಂಗ, ಮಯೂರಶರ್ಮರ ತನಕ ದಾರಿ ತೋರಿಸಿದ್ದು ಬಿ.ಎಲ್. ರೈಸ್ ಬೆಳಕಿಗೆ ತಂದ ಶಿವಮೊಗ್ಗ ಜಿಲ್ಲೆಯ ತಾಳಗುಂದದ ಕಂಬ. ನಂತರದ ಕದಂಬರ ಶಾಸನಗಳಲ್ಲಿ ಶಿವನ ಬೆವರ ಹನಿಯಿಂದ ಕದಂಬ ಮರದಡಿ ಮೂಲಪುರುಷ ಹುಟ್ಟಿದ ಕಥೆ ಬರುತ್ತದೆ. ಹಳೆಯ ಪಟಗಳಲ್ಲಿ ಆ ಕಥೆಯಿಲ್ಲ, ಮಾನವ್ಯ ಗೋತ್ರ, ಹಾರೀತಿಪುತ್ರರು ಎಂಬ ಮಾತಷ್ಟೇ. ಮನೆತನ ದೊಡ್ಡದಾದಂತೆ ಮೂಲದ ಕಥೆಯೂ ದೊಡ್ಡದಾಯಿತು!

ನನಗೆ ಹೆಚ್ಚು ಹಿಡಿಸಿದ್ದು ರವಿವರ್ಮನ ಕಾಲದ ಒಂದು ಪಟ. ಅದರಲ್ಲಿ ದಾನ ಪಡೆದ ಸೇನಾಪತಿಯ ಮನೆತನವೂ ಇದೆ. ಶ್ರುತಕೀರ್ತಿಯ ನಂತರ ಮೃಗೇಶನು ಆ ಊರನ್ನು ದಾಮಕೀರ್ತಿಯ ತಾಯಿಗೆ ಕೊಟ್ಟ. ಮುಂದೆ ದಾಮಕೀರ್ತಿಯ ಹಿರಿಮಗ ಜಯಕೀರ್ತಿ ಬರುತ್ತಾನೆ. ಗಂಡಸರ ಹೆಸರು ಒಂದೂ ತಪ್ಪಿಲ್ಲ. ಭೂಮಿ ಪಡೆದ ಆ ತಾಯಿ ಮಾತ್ರ ಬರೀ ದಾಮಕೀರ್ತಿಯ ತಾಯಿ.

ನಮ್ಮ ಕಡೆ ಹೆಳವರು ಎತ್ತು ಹೊಡೆದುಕೊಂಡು ಮನೆಮನೆಗೆ ಬರುತ್ತಾರೆ. ಹಳೆಯ ಕಡತ ಬಿಚ್ಚಿ ಮೂಲ ಊರು, ಬೆಡಗು, ಮುತ್ತಜ್ಜನ ಅಣ್ಣತಮ್ಮಂದಿರ ಹೆಸರು ಓದುತ್ತಾರೆ. ನಮ್ಮ ಮನೆಯ ಸಾಲಿನಲ್ಲಿ ತಮ್ಮನ ಹೆಸರಿದೆ, ನನ್ನದಿಲ್ಲ. ಸುಮಾರು ಸಾವಿರದೈನೂರು ವರ್ಷಗಳ ಹಿಂದಿನ ತಾಮ್ರದ ಬರಹಕ್ಕೂ ಇದಕ್ಕೂ ಎಷ್ಟು ಹತ್ತಿರದ ನಂಟು ಅನಿಸಿತು.

ಫ್ಲೀಟ್ ಮುಂದೆ 1882ರಲ್ಲಿ ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳ ರಾಜವಂಶಗಳ ಪುಸ್ತಕ ತಂದರು. 1883ರಿಂದ ಮೂರು ವರ್ಷ ಸರ್ಕಾರದ ಶಾಸನತಜ್ಞರಾಗಿದ್ದರು. 1888ರಲ್ಲಿ ಗುಪ್ತರ ಶಾಸನಗಳ ಸಂಪುಟ ಪ್ರಕಟಿಸಿ, ಗುಪ್ತ ಶಕೆ ಕ್ರಿ.ಶ. 319-20ರಲ್ಲಿ ಶುರುವಾಯಿತೆಂದು ತೋರಿಸಿದರು. ಗಂಗರ ತಾಮ್ರಪಟಗಳು ನಕಲಿ ಎಂದು ರೈಸ್ ಅವರೊಡನೆ ವರ್ಷಗಟ್ಟಲೆ ವಾದಿಸಿದವರು, ಕೊನೆಗಾಲದಲ್ಲಿ ಪೆನುಕೊಂಡದ ಪಟ ಸಿಕ್ಕಾಗ ಅದನ್ನು ಅಸಲಿಯೆಂದು ಒಪ್ಪಿಕೊಂಡರು. 1897ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿ, 1917ರಲ್ಲಿ ತೀರಿಕೊಂಡರು.

ಖಾನಾಪುರದಿಂದ ಹಲಸಿಗೆ ಹೋಗುವ ದಾರಿಯಲ್ಲಿ ನಂದಗಡ ಸಿಗುತ್ತದೆ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಆ ರಾಯಣ್ಣನ ಲಾವಣಿಯನ್ನೂ ಫ್ಲೀಟ್ ಬರೆಸಿಕೊಂಡು ಪ್ರಕಟಿಸಿದರು. ತಮ್ಮದೇ ಸರ್ಕಾರದ ವಿರುದ್ಧ ಹೋರಾಡಿದವನ ಹಾಡು ಎಂದು ಬಿಟ್ಟುಬಿಡಲಿಲ್ಲ. ಬರೆದಿಡುವವರಿಗೆ ಆ ಗುಣ ಬೇಕು.

ನಾನೀಗ ಒಂದು ನೋಟ್‌ಬುಕ್ ಮಾಡಿದ್ದೇನೆ. ಹೊಲದ ಉತಾರ, ಶಾಲೆಯ ದಾಖಲಾತಿ, ರೇಷನ್ ಕಾರ್ಡ್, ಅಜ್ಜಿಯ ನೆನಪು ಇವನ್ನೆಲ್ಲ ಪಕ್ಕಪಕ್ಕ ಇಟ್ಟು ಹೆಸರು ಕೂಡಿಸುತ್ತಿದ್ದೇನೆ. ಅಪ್ಪನ ಕಡೆ ಐದು ತಲೆಮಾರು ಸಿಕ್ಕಿದೆ. ಅವ್ವನ ಅವ್ವನ ಅವ್ವನ ಹೆಸರು ಇನ್ನೂ ಸಿಕ್ಕಿಲ್ಲ. ಆ ಊರಿನಲ್ಲಿ ಎಂಬತ್ತು ದಾಟಿದ ಒಬ್ಬ ಆಯಿ ಇದ್ದಾರಂತೆ. ಪರೀಕ್ಷೆ ಮುಗಿದ ಮರುದಿನವೇ ಹೋಗಬೇಕು. ನಿಮ್ಮ ಮನೆಯಲ್ಲೂ ಅಂಥ ಹಿರಿಯರಿದ್ದರೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.