ಧ್ವಜದ ಬಣ್ಣ ಮತ್ತು ಡಾ. ಹರ್ಡೀಕರ

ಗುದ್ಲೆಪ್ಪ ಹಳ್ಳಿಕೇರಿಯವರ ಊರಾದ ಹಾವೇರಿ ಜಿಲ್ಲೆಯ ಹೊಸರಿತ್ತಿಗೆ ಖಾದಿಯೂ ಹೊಸದಲ್ಲ, ತ್ರಿವರ್ಣ ಧ್ವಜವೂ ಹೊಸದಲ್ಲ. ಆದರೆ ಆ ಧ್ವಜದ ಬಣ್ಣಗಳನ್ನು ನಿರ್ಣಯಿಸಲು ನೇಮಕಗೊಂಡ ಏಳು ಮಂದಿಯಲ್ಲಿ ಹುಬ್ಬಳ್ಳಿಯ ವೈದ್ಯರೊಬ್ಬರಿದ್ದರೆಂಬುದನ್ನು ನಾವು ಹೆಚ್ಚುಕಡಿಮೆ ಮರೆತಿದ್ದೇವೆ. ಅವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ. (ಕರ್ನಾಟಕದ ಗಾಂಧಿ ಎನಿಸಿದ ಹರ್ಡೇಕರ ಮಂಜಪ್ಪನವರು ಬೇರೆ, ಹೆಸರಿನ ಸಾಮ್ಯದಿಂದ ಇಬ್ಬರಿಗೂ ಅನ್ಯಾಯವಾಗುತ್ತಿರುತ್ತದೆ.)

1889ರಲ್ಲಿ ಧಾರವಾಡದಲ್ಲಿ ಜನಿಸಿದ ಹರ್ಡೀಕರರು ಕಲ್ಕತ್ತೆಯಲ್ಲಿ ವೈದ್ಯಶಿಕ್ಷಣ ಪಡೆದು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಅಭ್ಯಸಿಸಿದರು. ಅಲ್ಲಿ ಲಾಲಾ ಲಜಪತ ರಾಯರ ಸಹವಾಸ ದೊರೆಯಿತು. 1921ರಲ್ಲಿ ಸ್ವದೇಶಕ್ಕೆ ಮರಳಿದವರು ಹುಬ್ಬಳ್ಳಿಯಲ್ಲಿ ಸ್ವಯಂಸೇವಕರನ್ನು ಕಟ್ಟತೊಡಗಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದ ಈ ತಂಡ ಕ್ಷಮಾಪಣೆ ಬರೆದುಕೊಡಲು ಒಪ್ಪಲಿಲ್ಲ. ಆ ವರ್ಷದ ಕೊನೆಯಲ್ಲಿ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ರೂಪುಗೊಂಡಿತು. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಧ್ವಜವಂದನೆ ನಡೆಸುವ ಪರಿಪಾಠವನ್ನು ಬೆಳೆಸಿದ್ದು ಈ ದಳವೇ.

ಹಾಗೆ ವಂದನೆ ಪಡೆಯುತ್ತಿದ್ದ ಧ್ವಜಕ್ಕೆ ವಿಧಿವತ್ತಾದ ಅಂಗೀಕಾರವಿರಲಿಲ್ಲ ಎಂಬುದು ವಿಚಿತ್ರವಾದರೂ ನಿಜ. 1921ರಲ್ಲಿ ಬೆಜವಾಡದಲ್ಲಿ ಪಿಂಗಳಿ ವೆಂಕಯ್ಯನವರಿಂದ ಗಾಂಧೀಜಿ ಬಯಸಿದ್ದು ಕೆಂಪು ಮತ್ತು ಹಸಿರಿನ ಧ್ವಜವನ್ನು. ಚರಕದ ಸಲಹೆ ಜಲಂಧರದ ಲಾಲಾ ಹಂಸರಾಜರದು. ಬಿಳಿಯ ಬಣ್ಣ ಗಾಂಧೀಜಿಗೆ ಹೊಳೆದದ್ದು ಆಮೇಲೆ. ಕೆಂಪು ಹಿಂದೂಗಳಿಗೆ, ಹಸಿರು ಮುಸಲ್ಮಾನರಿಗೆ, ಬಿಳಿ ಇತರರಿಗೆ ಎಂಬ ವ್ಯಾಖ್ಯಾನವೂ ಜೊತೆಗೆ ಬಂತು. ತೊಡಕು ಹುಟ್ಟಿದ್ದು ಈ ವ್ಯಾಖ್ಯಾನದಿಂದಲೇ. ಬಣ್ಣವೊಂದು ಸಮುದಾಯಕ್ಕೆ ಮೀಸಲಾದ ಮೇಲೆ ತಮಗೂ ಒಂದು ಪಟ್ಟಿ ಬೇಕೆಂದು ಸಿಖ್ಖರು ಕೇಳಿದರು. ಕೇಳಿದ್ದು ತಪ್ಪೆನ್ನಲು ಯಾರಿಗೂ ಸಾಧ್ಯವಿರಲಿಲ್ಲ.

ಕಚೇರಿಯ ಕಡತಗಳೊಡನೆ ಆಯುಷ್ಯ ಕಳೆದವರಿಗೆ ಈ ಸಂದರ್ಭ ಪರಿಚಿತವಾಗಿಯೇ ಇರುತ್ತದೆ. ಸಂಸ್ಥೆಗೊಂದು ಲಾಂಛನ ಬೇಕೆಂದು ಕಲಾವಿದನನ್ನು ಕರೆಯುತ್ತೇವೆ. ಅವನು ಬರೆದು ತಂದ ಬಳಿಕವಷ್ಟೇ ಅದು ಏನನ್ನು ಹೇಳಬೇಕೆಂಬ ಚರ್ಚೆ ಆರಂಭವಾಗುತ್ತದೆ. ನಕಾಶೆ ಹತ್ತು ಬಾರಿ ತಿದ್ದಲ್ಪಡುತ್ತದೆ, ಒಮ್ಮತ ಮಾತ್ರ ಬರುವುದಿಲ್ಲ.

1931ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಕಾರ್ಯಸಮಿತಿ ಮೊದಲು ಕೇಳಬೇಕಾದ್ದನ್ನು ಮೊದಲೇ ಕೇಳಿತು. ಪಟೇಲ್, ನೆಹರೂ, ಆಜಾದ್, ಮಾಸ್ಟರ್ ತಾರಾಸಿಂಗ್, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ ಮತ್ತು ಹರ್ಡೀಕರರನ್ನೊಳಗೊಂಡ ಸಮಿತಿಯ ಪರವಾಗಿ ಪಟ್ಟಾಭಿಯವರು ಪ್ರಾಂತ ಸಮಿತಿಗಳಿಗೆ ಪ್ರಶ್ನಾವಳಿ ಕಳುಹಿಸಿದರು. ಏಳು ಜನರಲ್ಲಿ ಆ ಧ್ವಜವನ್ನು ಹಿಡಿದು ನಡೆಯುವ ಶಿಸ್ತನ್ನೇ ಒಂದು ಸಂಘಟನೆಯಾಗಿ ಬೆಳೆಸಿದವರು ಹರ್ಡೀಕರರು. ಪೂರ್ತಿ ಕೇಸರಿ ಬಣ್ಣ, ಮೂಲೆಯಲ್ಲಿ ಚರಕ, ಇದು ಸಮಿತಿಯ ಶಿಫಾರಸು. ಪಾಲು ಕೇಳಲು ಪಟ್ಟಿಗಳೇ ಇಲ್ಲದ ಧ್ವಜ! ತರ್ಕಕ್ಕೆ ಅದು ನಿಲ್ಲುತ್ತಿತ್ತು, ಜನಮನಕ್ಕೆ ನಿಲ್ಲುತ್ತಿರಲಿಲ್ಲವೆಂದೇ ನನ್ನ ಭಾವನೆ. ಹತ್ತು ವರ್ಷ ಲಾಠಿಯೇಟು ತಿಂದು ಕಾಯ್ದ ಮೂರು ಬಣ್ಣಗಳನ್ನು ಜನ ಬಿಟ್ಟುಕೊಡುವರೇ? ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಶಿಫಾರಸನ್ನು ಒಪ್ಪದೆ, ಕೇಸರಿ, ಬಿಳಿ, ಹಸಿರು ಪಟ್ಟಿಗಳನ್ನು ಅಂಗೀಕರಿಸಿತು. ಬಣ್ಣಗಳಿಗೆ ಕೋಮುಗಳ ಅರ್ಥವಿಲ್ಲ, ಅವು ಗುಣಗಳ ಸಂಕೇತ ಎಂದು ಸ್ಪಷ್ಟಪಡಿಸಿತು. 1947ರ ಜುಲೈ 22ರಂದು ಸಂವಿಧಾನ ಸಭೆ ಚರಕದ ಬದಲು ಚಕ್ರವನ್ನಿರಿಸಿತು. ಹಿಂಬದಿಯಿಂದ ನೋಡಿದಾಗ ಚರಕ ತಿರುವುಮುರುವಾಗಿ ಕಾಣುತ್ತಿದ್ದುದು ಅದಕ್ಕೊಂದು ಕಾರಣ.

ತಮ್ಮ ಸಮಿತಿಯ ಶಿಫಾರಸು ಬಿದ್ದುಹೋದರೂ ಹರ್ಡೀಕರರ ಕಾರ್ಯ ನಿಲ್ಲಲಿಲ್ಲ. 1932ರಲ್ಲಿ ಸರ್ಕಾರ ಸೇವಾದಳವನ್ನು ನಿಷೇಧಿಸಿತು. ಘಟಪ್ರಭೆಯ ಆರೋಗ್ಯಧಾಮದ ಸ್ಥಾಪಕರಲ್ಲಿ ಅವರೂ ಒಬ್ಬರು. 1952ರಿಂದ ಹತ್ತು ವರ್ಷ ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. 1975ರ ಆಗಸ್ಟ್ 26ರಂದು ತೀರಿಕೊಂಡರು.

ಅವರ ಕರ್ಮಭೂಮಿಯಾದ ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಸ್ಥಾಪನೆಯಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇಂದು ರಾಷ್ಟ್ರಧ್ವಜವನ್ನು ಸಿದ್ಧಪಡಿಸುತ್ತದೆ. 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಮರುವರ್ಷ ಬೇಡಿಕೆ ಕುಸಿದಿದೆಯೆಂದು ಬೆಂಗೇರಿಯವರು ಬಹಿರಂಗವಾಗಿಯೇ ದೂರಿದರು. ಬಣ್ಣದ ವಿಷಯದಲ್ಲಿ ಪ್ರಾಂತಗಳನ್ನೆಲ್ಲ ಕೇಳಿದ ದೇಶ, ಬಟ್ಟೆಯ ವಿಷಯದಲ್ಲಿ ಅದನ್ನು ನೂಲುವವರನ್ನೂ ನೇಯುವವರನ್ನೂ ಕೇಳಬಹುದಿತ್ತು.