ಅಚಲ ಲಕ್ಷಣದ ಅನ್ವೇಷಕ: ಗಣಿತಜ್ಞ ಫ್ರೊಬೇನಿಯಸ್

ಕಲಿತ ವಿದ್ಯೆಯು ಒಡನೆಯೇ ಫಲ ಕೊಡಬೇಕೆಂದು ಲೋಕವು ಬಯಸುವುದು ಸಹಜ. ಆದರೆ ಬಿತ್ತಿದವನು ಕಣ್ಮರೆಯಾದ ಮೇಲೆ ಫಲಿಸುವ ವಿದ್ಯೆಯೂ ಉಂಟು. ಜರ್ಮನಿಯ ಗಣಿತಜ್ಞ ಫರ್ಡಿನಾಂಡ್ ಗೇಯೋರ್ಗ್ ಫ್ರೊಬೇನಿಯಸನ ಜೀವನವು ಈ ಮಾತಿಗೆ ಉಜ್ಜ್ವಲ ನಿದರ್ಶನವಾಗಿದೆ.

1849ನೆಯ ಇಸವಿಯ ಅಕ್ಟೋಬರ್ 26ರಂದು ಬರ್ಲಿನ್ ನಗರಕ್ಕೆ ಸಮೀಪದ ಷಾರ್ಲೊಟೆನ್‌ಬುರ್ಗಿನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಈತನು, ಬರ್ಲಿನ್ನಿನ ಯೋವಾಖಿಮ್ಸ್‌ಟಾಲ್ ಶಾಲೆಯಲ್ಲಿ ಓದಿದನು. ಬಳಿಕ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಮಹಾಗಣಿತಜ್ಞ ವೈಯರ್‌ಸ್ಟ್ರಾಸನ ಶಿಷ್ಯನಾಗಿ 1870ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದನು. ಪದವಿ ಕೈಸೇರಿದ ಮೇಲೆ ಆತನು ಕೈಗೊಂಡುದು ಶಾಲಾಧ್ಯಾಪನದ ಕಾಯಕವನ್ನು. ತಾನು ಓದಿದ ಶಾಲೆಯಲ್ಲಿಯೇ ಮೊದಲು ಪಾಠ ಹೇಳಿದನು. 1874ರಲ್ಲಿ ವಿಶ್ವವಿದ್ಯಾಲಯವು ಆತನನ್ನು ಬರಮಾಡಿಕೊಂಡಿತು. ಮರುವರ್ಷವೇ ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರಕ್ಕೆ ತೆರಳಿ ಹದಿನೇಳು ವರ್ಷ ಅಲ್ಲಿ ಪ್ರಾಧ್ಯಾಪಕನಾಗಿದ್ದು, 1892ರಲ್ಲಿ, ಕ್ರೊನೆಕರನ ನಿಧನದಿಂದ ತೆರವಾದ ಪೀಠಕ್ಕೆ ಬರ್ಲಿನ್ನಿಗೆ ಹಿಂದಿರುಗಿದನು.

ಅಲ್ಲಿ ಆತನ ಚಿತ್ತವನ್ನು ಸೆಳೆದುದು ಗಣಿತಜ್ಞರು ಗ್ರೂಪ್ ಎಂದು ಕರೆಯುವ ಸಮೂಹದ ವಿಚಾರ. ಚೌಕಾಕಾರದ ಹಲಗೆಯೊಂದನ್ನು, ಅದು ಮೊದಲಿದ್ದ ಎಡೆಯಲ್ಲೇ ಸರಿಯಾಗಿ ಕೂರುವಂತೆ ತಿರುಗಿಸುವ ಬಗೆ, ಸುಮ್ಮನಿಡುವುದೂ ಸೇರಿ, ನಾಲ್ಕು. ಮಗುಚುವ ಬಗೆ ನಾಲ್ಕು. ಒಂದರ ಮೇಲೊಂದು ಕ್ರಿಯೆ ನಡೆಸಿದರೂ ಫಲವು ಈ ಎಂಟರಲ್ಲೊಂದೇ ಆಗಿರುತ್ತದೆ, ಪ್ರತಿಯೊಂದನ್ನೂ ಹಿಂದೆಗೆಯಬಹುದು. ಹೀಗೆ ಈ ಎಂಟೂ ಕೂಡಿ ಒಂದು ಸಮೂಹ. ಅದರೊಳಗೆ ತಾನೇ ಸಮೂಹವಾಗಿ ನಿಲ್ಲುವ ಭಾಗವು ಉಪಸಮೂಹ.

ಯಾವುದೇ ಕ್ರಿಯೆಯನ್ನು ಹಿಂದೆಗೆದು, ಉಪಸಮೂಹದ ಕ್ರಿಯೆಯೊಂದನ್ನು ನಡೆಸಿ, ಮತ್ತೆ ಮೊದಲಿನದನ್ನು ಮಾಡಿದಾಗ ಫಲವು ಉಪಸಮೂಹದಲ್ಲೇ ಉಳಿದರೆ ಅದು ನಾರ್ಮಲ್ ಉಪಸಮೂಹ. ಇದರ ಮಹತ್ತ್ವವನ್ನು 1832ರಲ್ಲಿ ಅಕಾಲಮರಣಕ್ಕೀಡಾದ ಫ್ರಾನ್ಸಿನ ಗಾಲ್ವಾ ಮೊದಲೇ ಕಂಡಿದ್ದನು. ಫ್ರೊಬೇನಿಯಸನು 1895ರಲ್ಲಿ ಇನ್ನೂ ಕಠಿಣವಾದ ಪರೀಕ್ಷೆಯನ್ನೊಡ್ಡಿದನು. ಸಂಯೋಜನೆಯ ನಿಯಮಕ್ಕೆ ಭಂಗ ಬಾರದಂತೆ ಸಮೂಹದ ಸದಸ್ಯಗಳನ್ನು ಯಾವ ಬಗೆಯಲ್ಲಿ ಸ್ಥಾನಪಲ್ಲಟಗೊಳಿಸಿದರೂ ತನ್ನಲ್ಲೇ ನೆಲೆನಿಲ್ಲುವ ಭಾಗಕ್ಕೆ ಕ್ಯಾರಕ್ಟರಿಸ್ಟಿಕ್, ಎಂದರೆ ಲಾಕ್ಷಣಿಕ, ಉಪಸಮೂಹವೆಂಬ ಹೆಸರನ್ನಿತ್ತನು.

ಲಾಕ್ಷಣಿಕವಾದುದೆಲ್ಲ ನಾರ್ಮಲ್ ಆಗಿಯೇ ಇರುತ್ತದೆ. ನಾರ್ಮಲ್ ಆದುದೆಲ್ಲ ಲಾಕ್ಷಣಿಕವಲ್ಲ. ಚೌಕದ ಸಮೂಹದಲ್ಲಿ ಅರ್ಧಸುತ್ತು ಉಳಿದೆಲ್ಲ ಕ್ರಿಯೆಗಳೊಡನೆ ಹಿಂದುಮುಂದಾದರೂ ಒಂದೇ ಫಲ ಕೊಡುತ್ತದೆ. ಇಂತಹ ಸದಸ್ಯಗಳು ಕೂಡಿದ ಕೇಂದ್ರಭಾಗವು ಎಲ್ಲ ಸಮೂಹಗಳಲ್ಲೂ ಲಾಕ್ಷಣಿಕ. ಇನ್ನೊಂದು ವಿಶೇಷವುಂಟು. ಸುಮ್ಮನಿಡುವುದು, ಅರ್ಧಸುತ್ತು, ಅಡ್ಡ ಮಗುಚು, ಉದ್ದ ಮಗುಚು ಎಂಬ ನಾಲ್ಕರ ಉಪಸಮೂಹವು ಎಂಟರಲ್ಲಿ ನಾರ್ಮಲ್. ಸುಮ್ಮನಿಡುವುದು, ಅಡ್ಡ ಮಗುಚು ಎಂಬೆರಡರದು ಆ ನಾಲ್ಕರಲ್ಲಿ ನಾರ್ಮಲ್. ಆದರೂ ಕಾಲುಸುತ್ತು ಅಡ್ಡವನ್ನು ಉದ್ದವಾಗಿಸುವುದರಿಂದ ಆ ಎರಡರದು ಎಂಟರಲ್ಲಿ ನಾರ್ಮಲ್ ಅಲ್ಲ. ಲಾಕ್ಷಣಿಕತೆಗೆ ಈ ಕೊರತೆಯಿಲ್ಲ: ಲಾಕ್ಷಣಿಕದೊಳಗಿನ ಲಾಕ್ಷಣಿಕವು ಇಡಿಯ ಸಮೂಹದಲ್ಲೂ ಲಾಕ್ಷಣಿಕ, ನಾರ್ಮಲ್ ಉಪಸಮೂಹದೊಳಗಿನ ಲಾಕ್ಷಣಿಕವು ಇಡಿಯದರಲ್ಲಿ ನಾರ್ಮಲ್.

ಮರುವರ್ಷ, 1896ರಲ್ಲಿ, ಡೆಡೆಕಿಂಡನೊಡನೆ ನಡೆದ ಪತ್ರವ್ಯವಹಾರದಿಂದ ಪ್ರೇರಿತನಾಗಿ ಫ್ರೊಬೇನಿಯಸನು ಸಮೂಹಗಳ ಕ್ಯಾರಕ್ಟರ್ ಸಿದ್ಧಾಂತವನ್ನು ರಚಿಸಿದನು. ಇದು ಆತನ ಕೀರ್ತಿಯ ಶಿಖರ.

ಆತನ ಸ್ವಭಾವ ಮೃದುವಾಗಿರಲಿಲ್ಲ. ಶುದ್ಧ ಗಣಿತವೇ ಶ್ರೇಷ್ಠವೆಂಬ ನಿಷ್ಠೆಯು ಆತನಲ್ಲಿ ಹಠವಾಗಿ ಬೆಳೆಯಿತು. ಅನ್ವಯಿಕ ಗಣಿತಕ್ಕೂ ಎಡೆಗೊಟ್ಟ ಗಟಿಂಗೆನ್ನಿನ ಕ್ಲೈನನ ಮಾರ್ಗವನ್ನು ಆತನು ಒಪ್ಪಲಿಲ್ಲ. ಕಾಲಕ್ರಮದಲ್ಲಿ ಬರ್ಲಿನ್ನಿನ ಅಗ್ರಸ್ಥಾನವು ಗಟಿಂಗೆನ್ನಿನ ಪಾಲಾಯಿತು. 1917ರ ಆಗಸ್ಟ್ 3ರಂದು ಫ್ರೊಬೇನಿಯಸನು ಬರ್ಲಿನ್ನಿನಲ್ಲಿ ಕಾಲವಶನಾದನು.

ಆತನ ಶಿಷ್ಯ ಇಸ್ಸಾಯ್ ಷೂರ್ ಗುರುವಿನ ವಿದ್ಯೆಯನ್ನು ಮುಂದುವರಿಸಿದನು. 1920ರ ದಶಕದಲ್ಲಿ ಪರಮಾಣುವಿನ ಒಳಗುಟ್ಟನ್ನು ಅರಸುತ್ತಿದ್ದ ವೈಲ್, ವಿಗ್ನರ್ ಮೊದಲಾದವರಿಗೆ ಒದಗಿದ ಸಾಧನವು ಆ ಸಿದ್ಧಾಂತವೇ ಆಗಿತ್ತು. ಪ್ರಯೋಜನವನ್ನು ಬಯಸದೆ ಕಟ್ಟಿದುದು ಪ್ರಯೋಜನಕ್ಕೆ ಬಂದಿತು. ಅನ್ವಯವನ್ನು ಕೀಳಾಗಿ ಕಂಡುದು ಆತನ ಕುಂದು. ಸತ್ಯವನ್ನು ಸತ್ಯಕ್ಕಾಗಿಯೇ ಅರಸಿದುದು ಆತನ ಹಿರಿಮೆ. ಪಾಠ ಹೇಳುವವರೂ ವಿದ್ಯೆಗೆ ದಾನವೀಯುವವರೂ ಈ ಎರಡನ್ನೂ ನೆನೆಯುವುದು ಯುಕ್ತ.